ಬೀಗರಿಲ್ಲದ ಊರು

ವಯಸ್ಸಾದ ಮೇಲೆ ನನಗೆ ಉಳಿದಿರುವ ಒಂದೇ ಲಕ್ಷುರಿ ಎಂದರೆ ತಿರಸ್ಕಾರ. ಸಿಹಿಯನ್ನು ಡಾಕ್ಟರು ನಿಲ್ಲಿಸಿದರು, ಮೆಟ್ಟಿಲುಗಳನ್ನು ಮಂಡಿ ನಿಲ್ಲಿಸಿತು, ದಪ್ಪ ಕಾದಂಬರಿಗಳನ್ನು ಕಣ್ಣು ನಿಲ್ಲಿಸಿತು. ಕುರ್ಚಿಯಲ್ಲಿ ಕುಳಿತಲ್ಲೇ ಮೂಗು ಮುರಿಯುವುದಕ್ಕೆ ಮಾತ್ರ ಇನ್ನೂ ಯಾರೂ ಪಥ್ಯ ಹೇಳಿಲ್ಲ. ಈ ಕಲೆಯನ್ನು ನನಗೆ ಕಲಿಸಿದವರು ಕಾನ್ವೆಂಟಿನ ಸಿಸ್ಟರ್‌ಗಳು. ಕೆಟ್ಟ ಕಾಂಪೊಸಿಷನ್ ಬರೆದ ಹುಡುಗಿಯನ್ನು ಅವರು ಬೈಯುತ್ತಿರಲಿಲ್ಲ. ಅವಳ ನೋಟ್‌ಬುಕ್ಕನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, ‘ಹೌ ಇಂಟರೆಸ್ಟಿಂಗ್’ ಎನ್ನುತ್ತಿದ್ದರು. ಹುಡುಗಿ ಅಲ್ಲೇ ಇಳಿದುಹೋಗುತ್ತಿದ್ದಳು. ಅರುವತ್ತು ವರ್ಷಗಳ ನಂತರ ಆ ಎರಡು ಶಬ್ದಗಳನ್ನು ನಾನು ನನ್ನ ಮೊಮ್ಮಗಳ ಸಾಫ್ಟ್‌ವೇರಿನ ಮೇಲೆ ಪ್ರಯೋಗಿಸಿದೆ. ಅವಳು ಇಳಿಯಲಿಲ್ಲ. ‘ಥ್ಯಾಂಕ್ಸ್ ಅಜ್ಜಿ,’ ಎಂದಳು. ಈಗಿನವರಿಗೆ ಅವಮಾನವನ್ನೂ ಬಿಡಿಸಿ ಹೇಳಬೇಕು.

ಪಲ್ಲವಿ ನನ್ನ ಮಗಳ ಮಗಳು. ಇದೇ ಊರಿನ ಇನ್ನೊಂದು ತುದಿಯ ಕೂಕಟ್‌ಪಲ್ಲಿಯ ಪಿಜಿಯಲ್ಲಿದ್ದುಕೊಂಡು ಒಂದು ದೊಡ್ಡ ಆಫೀಸಿಗೆ ಹೋಗುತ್ತಿದ್ದವಳು ಒಂದು ಬೆಳಗ್ಗೆ ಎರಡು ಕಂಪ್ಯೂಟರು, ಒಂದು ಸೂಟ್‌ಕೇಸು, ಒಂದು ಡಬ್ಬಿ ತುಂಬ ಬಣ್ಣಬಣ್ಣದ ದಾಳಗಳನ್ನು ಹೊತ್ತುಕೊಂಡು ಮಲ್ಕಾಜ್‌ಗಿರಿಯ ನನ್ನ ಫ್ಲ್ಯಾಟಿಗೆ ಬಂದಳು. ‘ನೌಕರಿ ಬಿಟ್ಟೀನಿ ಅಜ್ಜಿ. ನನ್ನದs ಒಂದು ಟೂಲ್ ಮಾಡಾಕತ್ತೀನಿ,’ ಎಂದವಳೇ ನನ್ನ ಡೈನಿಂಗ್ ಟೇಬಲ್ಲನ್ನು ಆಕ್ರಮಿಸಿಕೊಂಡಳು. ಅಂದಿನಿಂದ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇವೆ.

ವಿಷಯ ಇಷ್ಟು. ಐದಾರು ಜನ ಒಂದು ಟೇಬಲ್ಲಿನ ಸುತ್ತ ಕೂರುತ್ತಾರೆ. ಮಕ್ಕಳಲ್ಲ, ಕೆಲಸಕ್ಕೆ ಹೋಗುವ, ಟ್ಯಾಕ್ಸ್ ಕಟ್ಟುವ ಜನ. ಒಬ್ಬರು ಕಥೆ ಹೇಳುತ್ತಾರೆ: ನೀವೊಂದು ಊರಿಗೆ ಬಂದಿರಿ, ಬೆಟ್ಟದ ಮೇಲೆ ಡ್ರ್ಯಾಗನ್ ಇದೆ. ಉಳಿದವರು ತಾವು ಯೋಧ, ಮಾಂತ್ರಿಕ, ಕಳ್ಳ ಎಂದುಕೊಂಡು ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಹೀಗೆ ಒಂದೇ ಕಥೆಯನ್ನು ಭಾನುವಾರದಿಂದ ಭಾನುವಾರಕ್ಕೆ ತಿಂಗಳುಗಟ್ಟಲೆ ಎಳೆಯುತ್ತಾರೆ. ಕಥೆ ಹೇಳುವವರಿಗೆ ಊರು, ಜನ, ಗುಟ್ಟು, ನಕ್ಷೆ ಎಲ್ಲ ಮೊದಲೇ ತಯಾರಿರಬೇಕಲ್ಲ. ಅದನ್ನು ತಯಾರಿಸಿಕೊಡುವುದೇ ಪಲ್ಲವಿಯ ಟೂಲ್. ಒಂದು ಬಟನ್ ಒತ್ತಿದರೆ ಊರು, ಇನ್ನೊಂದು ಒತ್ತಿದರೆ ಊರಿನ ಜನ. ಬ್ರಹ್ಮನಿಗೆ ಇಷ್ಟು ಸೌಕರ್ಯವಿರಲಿಲ್ಲ.

ಅವಳು ತನಗೆ ತಾನೇ ಒಂದು ಗಡುವು ಹಾಕಿಕೊಂಡಿದ್ದಳು. ಗುರುತಿಲ್ಲದ ಐದು ಆಟಗಾರರನ್ನು ಒಂದು ಭಾನುವಾರ ಮನೆಗೆ ಕರೆಸಿ ಟೂಲ್ ಕಟ್ಟಿದ ಊರಿನಲ್ಲಿ ಆಡಿಸುವುದು. ಕೊನೆಗೆ ಅವರು ತಾವಾಗಿಯೇ ಮತ್ತೆ ಬರುತ್ತೇವೆಂದರೆ ಕೆಲಸ ಮುಂದುವರಿಸುವುದು. ಸುಮ್ಮನೆ ಎದ್ದು ಹೋದರೆ ಮತ್ತದೇ ಆಫೀಸು, ಮತ್ತದೇ ಪಿಜಿ. ‘ಆಮ್ಯಾಲೆ ನಿನ್ನ ಹಾಲ್ ನಿನಗs ವಾಪಸ್,’ ಎಂದು ನಕ್ಕಳು. ಭಾಳ ಉಪಕಾರ ಆತು ಎಂದೆ. ಅಷ್ಟರಲ್ಲಿ ನನಗೆ ಯಾರೋ ಇನ್ನೊಬ್ಬರು ಮನೆಯಲ್ಲಿ ಕೆಮ್ಮುವುದು, ಫ್ರಿಜ್ ತೆಗೆಯುವುದು, ಟವೆಲ್ ಎಲ್ಲಿ ಎಂದು ಕೂಗುವುದು ರೂಢಿಯಾಗಿಹೋಗಿತ್ತು. ರೈಲ್ವೆಯಲ್ಲಿದ್ದ ನನ್ನ ಯಜಮಾನರು ಹೋದ ಮೇಲೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಬಿಟ್ಟರೆ ಈ ಮನೆಯೊಳಗೆ ಬೇರೆ ದನಿ ಕೇಳಿರಲಿಲ್ಲ. ಆದರೆ ಅದನ್ನೆಲ್ಲ ಹುಡುಗಿಯ ಮುಂದೆ ಹೇಳುವಷ್ಟು ಪೆದ್ದಿ ನಾನಲ್ಲ.

‘ಅಜ್ಜಿ, ನೀ ನಾನ್-ಟೆಕ್ನಿಕಲ್ ಯೂಸರ್. ಬಟನ್ ಒತ್ತು, ಅನಿಸಿದ್ದು ಹೇಳು,’ ಎಂದು ನನ್ನನ್ನು ಕೂರಿಸಿದಳು. ಒತ್ತಿದೆ. ಮುನ್ನೂರು ಜನರ ಊರು ಹುಟ್ಟಿತು. ಕಮ್ಮಾರರು ಮೂವರು, ಪ್ರಯಾಣಿಕರ ಛತ್ರ ಒಂದು, ಶಾಪ ಹತ್ತಿದ ಗೋಪುರ ಒಂದು. ಬಾವಿ ಇಲ್ಲ.

‘ಈ ಮಂದಿ ಏನು ಕುಡೀತಾರ?’

‘ಬಿಯರ್, ಅಜ್ಜಿ.’

‘ಕೂಸುಗಳೂ?’

ಅವಳು ಏನನ್ನೋ ಟೈಪ್ ಮಾಡಿದಳು. ಬಾವಿ ಬಂತು. ಬಂದ ಬಾವಿಯೊಳಗೆ ದೆವ್ವ ಇತ್ತು. ಆ ಊರಿನಲ್ಲಿ ದೆವ್ವವಿಲ್ಲದ ವಸ್ತು ಸಿಗುವುದೇ ಕಷ್ಟ. ಜನವಂತೂ ಇನ್ನೂ ದುಸ್ತರ. ಪ್ರತಿಯೊಬ್ಬರಿಗೂ ಮೂರೇ ಸಾಲು: ಒಂದು ಬಯಕೆ, ಒಂದು ಭಯ, ಒಂದು ರಹಸ್ಯ. ಛತ್ರದವನಿಗೆ ಒಂದು ಕಣ್ಣಿಲ್ಲ, ಕಮ್ಮಾರನಿಗೆ ಒಂದು ಕೈಯಿಲ್ಲ, ಪೂಜಾರಿಗೆ ನಂಬಿಕೆಯಿಲ್ಲ. ಯಾರಿಗೂ ಅತ್ತೆಯಿಲ್ಲ, ಹಲ್ಲುನೋವಿಲ್ಲ, ಮಗಳ ಮದುವೆಯ ಚಿಂತೆಯಿಲ್ಲ. ನಮ್ಮ ಕಾಲದ ಇಂಗ್ಲಿಷ್ ಪೇಪರಿನಲ್ಲಿ ಒಂದು ಪ್ರಶ್ನೆ ಇರುತ್ತಿತ್ತು: ಕೆಳಗಿನ ಹಿಂಟ್ಸ್ ಬೆಳೆಸಿ ಕಥೆ ಬರೆಯಿರಿ—ಮುದಿ ರಾಜ, ಮೂವರು ಮಕ್ಕಳು, ಗುಹೆ, ಪಶ್ಚಾತ್ತಾಪ. ಗೈಡ್ ಬಾಯಿಪಾಠ ಮಾಡಿದ ಹುಡುಗಿಯರೆಲ್ಲ ಒಂದೇ ಕಥೆ ಬರೆಯುತ್ತಿದ್ದರು. ಅವರೆಲ್ಲ ಎಲ್ಲಿಗೆ ಹೋದರೆಂದು ಬಹಳ ದಿನ ಯೋಚಿಸಿದ್ದೆ. ಈ ಕಂಪ್ಯೂಟರಿನೊಳಗೆ ಇದ್ದಾರೆ. ನಾನೇನು ಅದ್ಭುತವಾಗಿ ಬರೆಯುತ್ತಿದ್ದೆನೆಂದಲ್ಲ. ನನಗೆ ಬಹುಮಾನ ಬಂದದ್ದು ಹ್ಯಾಂಡ್‌ರೈಟಿಂಗಿಗೆ.

ನಿಜವಾದ ಜಗಳ ಹುಟ್ಟಿದ್ದು ಸಂಬಂಧಗಳ ಕಾಲಮ್ಮಿನಲ್ಲಿ. ಇಬ್ಬರ ನಡುವೆ ಏನು ಸಂಬಂಧ ಎಂದು ಆರಿಸಲು ಮೂರೇ ಆಯ್ಕೆ: ಫ್ರೆಂಡ್, ಎನಿಮಿ, ನ್ಯೂಟ್ರಲ್.

‘ಬೀಗರನ್ನ ಎಲ್ಲಿ ಹಾಕೂದು?’ ಎಂದೆ.

‘ಫ್ರೆಂಡ್ ಅಂತ ಹಾಕು.’

‘ಫ್ರೆಂಡಾ? ನಿಮ್ಮವ್ವನ ಮದವ್ಯಾಗ ನಾನೂ ಇದ್ದೆನವಾ.’

‘ಹಂಗಾದ್ರ ಎನಿಮಿ.’

‘ಎನಿಮಿಗೆ ಯಾರರ ಬೆಳ್ಳಿ ತಾಟಿನ್ಯಾಗ ಉಣ್ಣಾಕ ಬಡಸ್ತಾರೇನು?’

ನ್ಯೂಟ್ರಲ್ ಎನ್ನಲು ಅವಳಿಗೂ ಧೈರ್ಯವಾಗಲಿಲ್ಲ. ಜಗತ್ತಿನಲ್ಲಿ ನ್ಯೂಟ್ರಲ್ ಬೀಗರನ್ನು ಕಂಡವರಿಲ್ಲ. ಕೊನೆಗೆ ನಿಟ್ಟುಸಿರುಬಿಟ್ಟು ನಾಲ್ಕನೆಯ ಆಯ್ಕೆಯಾಗಿ ‘ಬೀಗರು’ ಎಂದು ಸೇರಿಸಿದಳು. ನಿಯಮಗಳನ್ನು ನಾನು ಹೇಳಿದೆ: ಮನೆಗೇ ಹೋಗಿ, ಕುಂಕುಮ ಕೊಟ್ಟು ಕರೆಯಬೇಕು, ಪತ್ರ ಕಳಿಸಿದರೆ ಮುನಿಸು, ಹಣ ಕೊಡಲು ಹೋದರೆ ದುಪ್ಪಟ್ಟು ಮುನಿಸು, ಮುನಿಸಿಕೊಂಡವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಅವಳು ಪಟಪಟನೆ ಬರೆದುಕೊಂಡು, ಊರಿನ ಗೌಡನಿಗೆ ನದಿಯ ದೋಣಿಯವನನ್ನು ಬೀಗನನ್ನಾಗಿ ಮಾಡಿದಳು. ಇಷ್ಟಕ್ಕೆ ನನ್ನ ಪಾಲಿನ ಪಾಪ ಮುಗಿಯಿತೆಂದುಕೊಂಡೆ.

ಭಾನುವಾರ ಐವರು ಬಂದರು. ಯೋಧನಾದವರು ಇರ್ಫಾನ್ ಎಂಬ ಹಲ್ಲಿನ ಡಾಕ್ಟರು. ಮಾಂತ್ರಿಕಳಾದವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ತೆಲುಗು ಹುಡುಗಿ, ನನ್ನನ್ನು ಬಂದೊಡನೆ ಅಮ್ಮಮ್ಮ ಎಂದಳು. ಉಳಿದ ಮೂವರು ನಾನಿಟ್ಟ ಚುರುಮುರಿಯ ಮೇಲೆ ಹೆಚ್ಚು ಗಮನ ಇಟ್ಟಿದ್ದರು. ಪಲ್ಲವಿ ಡ್ರ್ಯಾಗನ್ನಿನ ಗುಹೆಯ ನಕ್ಷೆಗೆಂದೇ ಆರು ವಾರ ನಿದ್ದೆಗೆಟ್ಟಿದ್ದಳು; ಒಂದೊಂದು ಕಲ್ಲಿಗೂ ನೆರಳು ಇತ್ತು. ಗುಹೆಗೆ ಹೋಗಬೇಕಾದರೆ ನದಿ ದಾಟಬೇಕು. ದೋಣಿಯವನು ಗೌಡನ ಬೀಗನೆಂದು ಪಲ್ಲವಿ ಓದಿ ಹೇಳಿದ್ದೇ ತಡ, ದೋಣಿ ಬೇಕೆಂದು ಯೋಧರಾದ ಡಾಕ್ಟರು ಗೌಡನ ಹೆಸರಿನಲ್ಲಿ ಪಾರಿವಾಳದ ಕೈಯಲ್ಲಿ ಒಂದು ಚೀಟಿ ಕಳಿಸಿದರು.

ಟೂಲ್ ಉತ್ತರ ಕೊಟ್ಟಿತು: ದೋಣಿ ತೂತಾಗಿದೆ.

ಚಿನ್ನದ ನಾಣ್ಯ ಕಳಿಸಿದರು. ದೋಣಿಯವನ ಹೆಂಡತಿಗೂ ತಲೆನೋವು ಬಂದಿದೆ, ಯಾರನ್ನೂ ನೋಡುವುದಿಲ್ಲ. ಮಾಂತ್ರಿಕಳು ವಶೀಕರಣ ಹಾಕಿದಳು, ದಾಳವೂ ಚೆನ್ನಾಗಿಯೇ ಬಿತ್ತು. ದೋಣಿಯವನು ವಶನಾಗಿ, ಮಂದಹಾಸ ಬೀರುತ್ತ ಹೊರಗೆ ಬಂದು, ಅದೇ ಮಂದಹಾಸದಲ್ಲಿ ‘ದೋಣಿ ತೂತಾಗಿದೆ’ ಎಂದ. ಒಂದು ಗಂಟೆ ಹೋಯಿತು, ಎರಡು ಹೋಯಿತು. ಪಲ್ಲವಿ ಗುಹೆಯ ನಕ್ಷೆಯನ್ನು ಸುರುಳಿ ಬಿಚ್ಚುವುದು, ಸುತ್ತುವುದು ಮಾಡುತ್ತಿದ್ದಳು. ಅವಳು ಒಂದು ಸಲ ನನ್ನ ಕಡೆ ನೋಡಿದಳು. ಬೈಗುಳವಿದ್ದರೆ ತಡೆದುಕೊಳ್ಳುತ್ತಿದ್ದೆ, ಬರೀ ಸೋತ ಮುಖ. ಹಲ್ಲು ಕೀಳುವ ಜನ ತಮ್ಮ ಒಂದೇ ರಜೆಯನ್ನು ಒಂದು ದೋಣಿಗಾಗಿ ಕಾಯುತ್ತ ಕಳೆಯುವುದು ನನ್ನ ನಾಲಿಗೆಯಿಂದಾಗಿ. ಚುರುಮುರಿಗೆ ಇನ್ನಷ್ಟು ಈರುಳ್ಳಿ ಹೆಚ್ಚುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಂತೆ. ಅವಳ ಸೂಟ್‌ಕೇಸು ಯಾವ ಅಟ್ಟದ ಮೇಲಿದೆ ಎಂದು ಬೇಡವೆಂದರೂ ನೆನಪಾಗುತ್ತಿತ್ತು.

ಅಲ್ಲಿಗೇ ಇರ್ಫಾನ್ ಡಾಕ್ಟರ ದನಿ ಕೇಳಿತು. ‘ಅರೇ ಠೈರೋ. ಇನೋ ಗೌಡ ಕೇ ಸಮಧೀ ಹೈ ನಾ? ಚಿಠ್ಠಿ ಗಿಠ್ಠಿ ನಕ್ಕೋ. ಘರ್ ಕು ಜಾಕೆ ಬುಲಾನಾ ಪಡ್ತಾ.’ ಬೀಗರೆಂದ ಮೇಲೆ ಚೀಟಿಗೀಟಿ ನಡೆಯದು, ಮನೆಗೇ ಹೋಗಿ ಕರೆಯಬೇಕು ಎಂದು ಡಾಕ್ಟರ ತೀರ್ಮಾನ. ಬ್ಯಾಂಕಿನ ಹುಡುಗಿ ಟೇಬಲ್ ತಟ್ಟಿದಳು: ‘ಅಯ್ಯೋ, ಬೊಟ್ಟು ಪೆಟ್ಟಿ ಪಿಲವಾಲಿ ಕದಾ.’ ಕುಂಕುಮವಿಟ್ಟು ಕರೆಯಬೇಕೆಂಬುದು ಅವಳ ಮನೆಯಲ್ಲೂ ಇದ್ದದ್ದೇ. ಆಮೇಲೆ ಐವರೂ ಒಟ್ಟಿಗೆ ಮಾತಾಡತೊಡಗಿದರು. ಯಾರದೋ ಸೋದರಮಾವ ಮದುವೆಯಲ್ಲಿ ಊಟ ಬಿಟ್ಟು ಎದ್ದದ್ದು, ಯಾರದೋ ದೊಡ್ಡಮ್ಮ ವಾಟ್ಸ್‌ಆ್ಯಪ್ಪಿನಲ್ಲಿ ಕರೆದರೆಂದು ಹನ್ನೊಂದು ತಿಂಗಳು ಮಾತು ಬಿಟ್ಟದ್ದು. ಕತ್ತಿ ಕಟ್ಟಿಕೊಂಡ ಡಾಕ್ಟರು ಕುಂಕುಮದ ಭರಣಿ ಹಿಡಿದು, ಮಾಂತ್ರಿಕಳು ಖಣ ತೆಂಗಿನಕಾಯಿ ಹಿಡಿದು ದೋಣಿಯವನ ಮನೆಗೆ ಹೊರಟರು. ಸಂಜೆಯ ಹೊತ್ತಿಗೆ ದೋಣಿಯ ತೂತು ತಾನಾಗಿಯೇ ಮುಚ್ಚಿತು. ಡ್ರ್ಯಾಗನ್ ಬೆಟ್ಟದ ಮೇಲೆ ಯಾರೂ ಕೇಳುವವರಿಲ್ಲದೆ ಕುಳಿತೇ ಇತ್ತು.

ದಾಳಗಳನ್ನು ಚೀಲಕ್ಕೆ ತುಂಬುತ್ತ ಡಾಕ್ಟರು ಕೇಳಿದರು: ‘ಅಗಲೇ ಇತ್ವಾರ್ ಕಿತ್ನೇ ಬಜೇ ಆನಾ? ಸಮಧನ್ ಕಾ ಗುಸ್ಸಾ ಅಬೀ ಬಾಕೀ ಹೈ.’ ಮುಂದಿನ ಭಾನುವಾರ ಎಷ್ಟು ಗಂಟೆಗೆ ಬರಬೇಕು, ಬೀಗಿತ್ತಿಯ ಸಿಟ್ಟು ಇನ್ನೂ ಬಾಕಿ ಇದೆಯಲ್ಲ ಎಂದು. ಪಲ್ಲವಿ ಮೂರು ಗಂಟೆ ಎಂದಳು.

ಅವರು ಹೋದ ಮೇಲೆ ನನ್ನ ಭುಜ ಹಿಡಿದು ಅಲುಗಾಡಿಸಿದಳು. ಕೃತಜ್ಞತೆ ಎಂದುಕೊಂಡೆ, ಆದರೆ ಬಂದದ್ದು ಬೇಡಿಕೆ. ‘ಅಜ್ಜಿ, ನಿನ್ನ ಊರಾಗ ಎಲ್ಲಾರೂ ಮುನಿಸಿಕೊಳ್ಳವರs ಇದ್ದಾರ. ಪ್ಲೇಯರ್ಸ್ ನಂಬೂ ಹಂಗ ಒಬ್ಬರರ ಬೇಕು. ಒಬ್ಬ ಒಳ್ಳೆ ಮನಷಾ. ಬುಧವಾರದೊಳಗ ಬರದುಕೊಡು.’

ಅದೇನು ಮಹಾ ಎಂದು ಕುಳಿತೆ. ಯಜಮಾನರು ಹೋದಾಗ ಹದಿಮೂರು ದಿನ ಅಡುಗೆ ಕಳಿಸಿದ ನೆರೆಮನೆಯವಳನ್ನು ಬರೆಯಲು ಹೊರಟೆ. ಆ ಡಬ್ಬಿಗಳನ್ನು ಅವಳು ಹದಿನಾಲ್ಕನೆಯ ದಿನವೇ ಕೇಳಿದ್ದು ನೆನಪಾಯಿತು. ಸಿಸ್ಟರ್ ಸುಪೀರಿಯರ್ ಎಂದುಕೊಂಡೆ. ಅವರ ಸ್ಕೇಲು ನೆನಪಾಯಿತು. ಹೆತ್ತ ತಾಯಿಯನ್ನೇ ಬರೆಯೋಣವೆಂದು ಕಣ್ಣು ಒದ್ದೆ ಮಾಡಿಕೊಂಡು ಶುರುಮಾಡಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ತಂಗಿಯ ಪಾಲಾದ ಚಿನ್ನದ ಪಾಟಲಿ ಬಳೆಗಳು ಬಂದು ಅಡ್ಡ ನಿಂತವು. ಎಪ್ಪತ್ತು ದಾಟಿದ ಬದುಕಿನಲ್ಲಿ ಮೂರು ಸಾಲಿಗೆ ಆಗುವಷ್ಟು ಒಳ್ಳೆಯವರೊಬ್ಬರು ನನಗೆ ಸಿಗಲಿಲ್ಲ. ಬುಧವಾರ ಮಧ್ಯಾಹ್ನ ಪಲ್ಲವಿ ಅಬಿಡ್ಸಿಗೆ ಹೋಗಿದ್ದಾಗ, ಬಾಗಿಲ ಚಿಲಕ ಹಾಕಿದೆಯೇ ಎಂದು ಎರಡು ಸಲ ನೋಡಿ, ಬಟನ್ ಒತ್ತಿದೆ.

ಊರಂಚಿನ ಮುದುಕಿ, ಎಂದು ಬಂತು. ಬಯಕೆ: ಬಂದವರೆಲ್ಲ ಹೊಟ್ಟೆ ತುಂಬ ಉಣ್ಣಲಿ. ಭಯ: ಯಾರಿಗೂ ಹೊರೆಯಾಗಬಾರದು. ರಹಸ್ಯ: ಇಲ್ಲ. ಅಪ್ಪಟ ಗೈಡ್ ಬರವಣಿಗೆ. ಅದನ್ನು ಒಂದು ಹಾಳೆಯ ಮೇಲೆ ನನ್ನ ಬಹುಮಾನದ ಅಕ್ಷರದಲ್ಲಿ ನಕಲು ಮಾಡಿಟ್ಟೆ.

ಪಲ್ಲವಿ ಬಂದು ಚಪ್ಪಲಿಯನ್ನೂ ಬಿಡದೆ ನಿಂತಲ್ಲೇ ಓದಿದಳು. ಮತ್ತೊಮ್ಮೆ ಓದಿದಳು. ನನ್ನ ಮುಖ ನೋಡಿದಳು. ‘ಅಜ್ಜಿ, ಇದು ಪಕ್ಕಾ ನೀನs. ಎಷ್ಟು ಖರೆ ಬರದೀ ನೋಡು. ನನ್ನ ಮಷೀನಿಗೆ ಇಂಥಾದು ಯಾವಾಗ ಬರೀಲಿಕ್ಕೆ ಬರಬೇಕೋ ಏನೋ.’

‘ಅದಕ್ಕೆಲ್ಲಾ ಅನುಭವ ಬೇಕವಾ,’ ಎಂದೆ.