ಚಿಕಿತ್ಸೆಯ ನಂತರ

ಬೆಳಗಿನ ಕಾಫಿಯ ಮೊದಲ ಗುಟುಕಿಗೇ ವಿಡಿಯೊ ಎಡಿಟರನ ಬಲದವಡೆಯ ಹಲ್ಲು ಸಿಡಿಯತೊಡಗಿತು. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ ಅವನ ಕೋಣೆಯ ಕೆಳಗೇ ಇತ್ತು. ಕೆನ್ನೆ ಹಿಡಿದುಕೊಂಡು ಇಳಿದು ಬಂದವನನ್ನು ಕಂಡು ಅವರ ಮುಖ ಅರಳಿತು. ಕಾಯುವವರ ಕೋಣೆಯ ಟೀವಿಗೆ ಹಾಕಲು ಅವರಿಗೊಂದು ವಿಡಿಯೊ ಆ ಸಂಜೆಯೊಳಗೆ ಬೇಕಿತ್ತು.

"ಹಲ್ಲು ಎಲ್ಲಿಗೂ ಓಡಿಹೋಗಲ್ಲ. ಮೊದಲು ವಿಡಿಯೊ ಮುಗಿಸ್ಕೊಡಿ, ಆಮೇಲೆ ಕುರ್ಚಿ ಮೇಲೆ ಕೂತ್ಕೊಳ್ಳಿ" ಎಂದರು.

ನೋವಿಗೊಂದು ಗುಳಿಗೆಯನ್ನಾದರೂ ಕೊಡಿ ಎಂದು ಗೋಗರೆದ. ಗುಳಿಗೆ ನುಂಗಿದರೆ ನೋಯುತ್ತಿರುವುದು ಯಾವ ಹಲ್ಲೆಂದು ತಿಳಿಯುವುದಿಲ್ಲ ಎಂದು ಅದಕ್ಕೂ ಕಲ್ಲು ಹಾಕಿದರು. ಬೇರೆ ದಾರಿಯಿಲ್ಲದೆ ಎಡಿಟರ್ ಕ್ಲಿನಿಕ್ಕಿನ ಕಂಪ್ಯೂಟರಿನ ಮುಂದೆ ಕೂತ. ರೋಗಿಗಳ ಬಾಯೊಳಗಿಡುವ ಪುಟ್ಟ ಕ್ಯಾಮೆರಾ ಕಂಡದ್ದೆಲ್ಲ ಬಂದು ಬೀಳುತ್ತಿದ್ದದ್ದು ಅಲ್ಲಿಗೇ. ಚಿಕಿತ್ಸೆಗೆ ಮುಂಚಿನ ಹಲ್ಲುಗಳಿದ್ದವು, ನಂತರದ ಹಲ್ಲುಗಳೂ ಇದ್ದವು. ಅಲ್ಲಿನ ದೀಪದ ಕೃಪೆಯಿಂದ ಎಲ್ಲವೂ ಹಳೇ ಪತ್ರಿಕೆಯಂತೆ ಹಳದಿಯಾಗಿದ್ದವು.

ಅವನು ಒಂದು ತುಣುಕಿನಲ್ಲಿ ಹಳದಿ ತಗ್ಗಿಸಿದ, ಬೆಳಕು ಏರಿಸಿದ. ಬೆನ್ನ ಹಿಂದೆ ಡಾಕ್ಟರಮ್ಮನ ಅತ್ತೆ ಕುರ್ಚಿ ಎಳೆದುಕೊಂಡು ಕೂತಿದ್ದರು. "ಇನ್ನೂ ಸ್ವಲ್ಪ ಬೆಳ್ಳಗೆ ಮಾಡಪ್ಪ. ನನ್ನ ಸೊಸೆ ಕೈಗುಣ ಜನಕ್ಕೆ ಗೊತ್ತಾಗ್ಬೇಕು" ಎಂದರು. ಮಾಡಿದ. ಪಕ್ಕದ ಹಲ್ಲಿನಲ್ಲಿದ್ದ ಕಪ್ಪು ತೂತೂ ಮಾಯವಾಯಿತು.

ಬೇರೆ ದಿನವಾಗಿದ್ದರೆ ಒಂದೊಂದು ತುಣುಕನ್ನೂ ತಾಳ್ಮೆಯಿಂದ ತಿದ್ದುತ್ತಿದ್ದ. ಇವತ್ತು ದವಡೆಯೊಳಗೆ ಯಾರೋ ಮೊಳೆ ಹೊಡೆಯುತ್ತಿದ್ದರು. ತಿದ್ದಿದ ಬಣ್ಣವನ್ನಷ್ಟೇ ಕಾಪಿ ಮಾಡಿ, ಉಳಿದ ತುಣುಕುಗಳನ್ನೆಲ್ಲ ಒಟ್ಟಿಗೆ ಆರಿಸಿ, ಪೇಸ್ಟ್ ಒತ್ತಿಬಿಟ್ಟ.

ನರ್ಸ್ ಬಗ್ಗಿ ನೋಡಿದಳು. ಚಿಕಿತ್ಸೆಗೆ ಮುಂಚೆಯೇ ಎಲ್ಲರ ಹಲ್ಲೂ ಫಳಫಳ ಹೊಳೆಯುತ್ತಿದ್ದವು. "ಹಾಗಾದ್ರೆ ಇವ್ರೆಲ್ಲ ಇಲ್ಲಿಗೆ ಯಾಕೆ ಬಂದಿದ್ರು?" ಎಂದಳು. ವಿಡಿಯೊದ ಶುರುವಿನಲ್ಲಿ ಸ್ವಾಗತ ಕೋರುವ ಡಾಕ್ಟರಮ್ಮನಿಗೂ ಅದೇ ಬಣ್ಣ ತಗಲಿ, ಸುಣ್ಣದ ಗೋಡೆಗೆ ಕನ್ನಡಕ ಹಾಕಿದಂತೆ ಕಾಣುತ್ತಿದ್ದರು. ಸೊಸೆ ಮದುವೆಯ ದಿನವೂ ಇಷ್ಟು ಬೆಳ್ಳಗಿರಲಿಲ್ಲ ಎಂದು ಅತ್ತೆ ಸಾಕ್ಷಿ ನುಡಿದರು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಎಡಿಟರ್ ಹಲ್ಲು ಕಚ್ಚಿ ಸಹಿಸೋಣವೆಂದರೆ ಕಚ್ಚುವಂತಿರಲಿಲ್ಲ. ಹಚ್ಚಿದ ಬಣ್ಣವನ್ನೆಲ್ಲ ಅಳಿಸಿ, 'ನಂತರ'ದ ಹಲ್ಲುಗಳಿಗಷ್ಟೇ ಆ ಬಣ್ಣ ಹಚ್ಚಿದ.

ಈಗ ಡಾಕ್ಟರಮ್ಮ ಖುಷಿಯಾದರು. ಖುಷಿಯಲ್ಲಿ ಅವರಿಗೆ ಹೊಸದೊಂದು ಆಸೆ ಹುಟ್ಟಿತು.

"ಪ್ರತಿ ಸಲ ನಿಮ್ಮನ್ನ ಹುಡುಕ್ಕೊಂಡು ಬರೋಕಾಗಲ್ಲ. ಕ್ಯಾಮೆರಾದಿಂದ ಬರೋದಕ್ಕೆಲ್ಲ ಈ ಬಣ್ಣ ತಾನಾಗೇ ಕೂತ್ಕೊಳ್ಳೋ ಹಾಗೆ ಮಾಡಿಬಿಡಿ."

ಕುರ್ಚಿ ಸಿಗುವುದಾದರೆ ಇಡೀ ಕಟ್ಟಡಕ್ಕೆ ಸುಣ್ಣ ಹೊಡೆಯಲೂ ಅವನು ತಯಾರಿದ್ದ. ಅದನ್ನೂ ಮಾಡಿಕೊಟ್ಟ.

ಸಂಜೆ ವಿಡಿಯೊ ಹಾಕಿದ್ದೇ ತಡ, ದಾರಿಯಲ್ಲಿ ಹೋಗುವವರೂ ಒಳಗೆ ಬಂದು ನಿಂತರು. ಡಾಕ್ಟರಮ್ಮ ಮಾತಿಗೆ ತಪ್ಪಲಿಲ್ಲ. ಎಡಿಟರನನ್ನೇ ಮೊದಲು ಕೂರಿಸಿದರು. ಹೊರಗಿನವರಿಗೂ ಧೈರ್ಯ ಬರಲೆಂದು ಕ್ಯಾಮೆರಾದ ದೃಶ್ಯವನ್ನು ಟೀವಿಗೂ ಬಿಟ್ಟು, ಅವನ ಬಾಯಿಗೆ ಹತ್ತಿ ತುರುಕಿ, ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ಮುತ್ತು ಪೋಣಿಸಿದಂಥ ಹಲ್ಲುಗಳು ಮೂಡಿದವು.

"ಹುಳುಕಿನ ಸುಳಿವೇ ಇಲ್ಲವಲ್ಲ" ಎಂದು ಡಾಕ್ಟರಮ್ಮ ಬೆರಗಾದರು. ದಿನವಿಡೀ ಕಂಪ್ಯೂಟರ್ ಮುಂದೆ ಕೂತರೆ ದವಡೆ ನೋಯದೆ ಇನ್ನೇನು ಎಂದು ಬುದ್ಧಿಯನ್ನೂ ಹೇಳಿದರು.

ಎಡಿಟರ್ ಹತ್ತಿಯನ್ನು ಉಗುಳಿದ. "ಅದು ಹಲ್ಲಲ್ಲ ಮೇಡಂ, ನಾನು ಹಾಕಿಟ್ಟ ಬಣ್ಣ."

ಡಾಕ್ಟರಮ್ಮ ಪುಟ್ಟ ಕನ್ನಡಿ ಹಿಡಿದು ಕಣ್ಣಾರೆ ನೋಡಿದರು. ಕಾಳು ಬಿತ್ತುವಷ್ಟು ದೊಡ್ಡ ತೂತಿತ್ತು. ಅವರು ಡ್ರಿಲ್ ಎತ್ತಿಕೊಳ್ಳುವಷ್ಟರಲ್ಲಿ ಹೊರಗಿನಿಂದ ಅತ್ತೆಯ ದನಿ ಕೇಳಿತು. "ನೋಡಿ, ಬೆಳಗ್ಗೆ ಈ ಹುಡುಗ ಅಳ್ತಾ ಬಂದಿದ್ದ. ಈಗ ಹಲ್ಲು ನೋಡಿ." ಜನ ಚಪ್ಪಾಳೆ ತಟ್ಟಿ, ಹೆಸರು ಬರೆಸಲು ಮುಗಿಬಿದ್ದರು.

ಡಾಕ್ಟರಮ್ಮ ಡ್ರಿಲ್ಲನ್ನು ಮೆಲ್ಲಗೆ ಕೆಳಗಿಟ್ಟು ಅವನ ಕಿವಿಯ ಹತ್ತಿರ ಬಗ್ಗಿದರು. "ಇಷ್ಟು ಜನ ನೋಡ್ತಿರುವಾಗ ಇಂಥ ಹಲ್ಲನ್ನ ಕೊರೆಯೋಕಾಗುತ್ತಾ, ನೀವೇ ಹೇಳಿ. ಈಗ ನಗ್ತಾ ಎದ್ದು ಹೋಗಿ. ನಾಳೆ ನೋಡೋಣ."

ಎಡಿಟರ್ ನಗುತ್ತ ಎದ್ದ. ಕಣ್ಣಲ್ಲಿ ನೀರು ಬಂದದ್ದನ್ನು ಜನ ಆನಂದಬಾಷ್ಪವೆಂದುಕೊಂಡರು. ಬಾಗಿಲ ಬಳಿ ನರ್ಸ್ ಅವನ ಕೈಗೊಂದು ಪೆನ್‌ಡ್ರೈವ್ ಇಟ್ಟಳು.

"ನಿಮ್ಮ ಹಲ್ಲಿನದು. ಇದನ್ನೂ ಚಿಕಿತ್ಸೆಯ ನಂತರದ ಭಾಗಕ್ಕೆ ಸೇರಿಸ್ಬೇಕಂತೆ. ಇವತ್ತೇ."