ಭಾವನವರ ಕತ್ತೂ ಅವರ ಅನುಮಾನವೂ

ಶುಕ್ರವಾರದ ಪೂಜೆಗೆಂದು ಗುರುವಾರ ಸಾಯಂಕಾಲ ಹುಣಸೆಹಣ್ಣು, ಬೂದಿ ಹಾಕಿ ದೀಪದ ಕಂಬ ಉಜ್ಜುತ್ತಾ ಹಿತ್ತಲಲ್ಲಿ ಕೂತಿದ್ದೆ. ಆಸ್ಪತ್ರೆಯಿಂದ ಬಂದ ನಮ್ಮ ಮನೆಯವರು ಚಪ್ಪಲಿ ಕೂಡ ಬಿಡದೆ, "ಅಣ್ಣನ ಕತ್ತಿಗೆ ಏನೂ ಆಗಿಲ್ವಂತೆ ಕಣೇ" ಅಂದರು. ಇಷ್ಟು ಒಳ್ಳೆಯ ಸುದ್ದಿ ತಂದವರ ಮುಖ ಹಾಗೇಕೆ ಬಾಡಿತ್ತು ಅಂತೀರಾ? ನಮ್ಮ ಭಾವನವರನ್ನು ನೀವು ನೋಡಿಲ್ಲ, ಅದಕ್ಕೇ ಕೇಳುತ್ತೀರಿ. ಏನೂ ಆಗಿಲ್ಲ ಎನ್ನುವ ಮಾತನ್ನು ಅವರು ಹುಟ್ಟಿದಾಗಿನಿಂದ ಒಂದು ಸಲವೂ ನಂಬಿದವರಲ್ಲ!

ಭಾವ ಅಂದರೆ ನಮ್ಮ ಮನೆಯವರ ಅಣ್ಣ. ಮಿಲ್ಲಿನಲ್ಲಿ ನೇಯ್ದು ಬಂದ ಬಟ್ಟೆಯ ತಪ್ಪು ಹುಡುಕುವುದು ಅವರ ಕೆಲಸ. ಥಾನುಗಟ್ಟಲೆ ಬಟ್ಟೆಯನ್ನು ಮೇಜಿನ ಮೇಲೆ ಎಳೆದೆಳೆದು, ಕತ್ತು ಬಗ್ಗಿಸಿ, ಎಲ್ಲಿ ಎಳೆ ಬಿಟ್ಟಿದೆ, ಎಲ್ಲಿ ಗಂಟು ಬಿದ್ದಿದೆ ಎಂದು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಅಷ್ಟು ವರ್ಷ ತಪ್ಪು ಹುಡುಕಿದ ಮನುಷ್ಯ, ಸಾಯಂಕಾಲ ಸೈರನ್ ಕೂಗಿತು ಅಂತ ಕಣ್ಣನ್ನು ಮಿಲ್ಲಿನಲ್ಲೇ ಬಿಟ್ಟು ಬರುತ್ತಾರೆಯೇ? ದೋಸೆ ಹಾಕಿಕೊಟ್ಟರೆ ಕಿಟಕಿಯ ಬೆಳಕಿಗೆ ಒಡ್ಡಿ ನೋಡುತ್ತಿದ್ದರು.

"ಇಲ್ಲಿ ತೆಳ್ಳಗಾಗಿದೆಯಲ್ಲಮ್ಮಾ" ಅಂತ ಅವರು.

"ಲೋ, ಅದು ತಿನ್ನೋಕೆ ಕಣೋ, ಹೊಲಿಸ್ಕೊಳ್ಳೋಕಲ್ಲ!" ಅಂತ ನಮ್ಮ ಅತ್ತೆ.

ನನ್ನ ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು ಒಂದು ಸೀರೆ ತಂದರು. ಭಾವ ಅದನ್ನು ಒಂದು ಗಳಿಗೆ ಬಿಡಿಸಿ ನೋಡಿ, "ಆರನೇ ಮೊಳದಲ್ಲಿ ಒಂದೆಳೆ ಇಲ್ಲ" ಅಂದರು. ಅವತ್ತಿನಿಂದ ಆ ಸೀರೆ ಉಟ್ಟಾಗಲೆಲ್ಲ ನನಗೆ ಇಲ್ಲದ ಆ ಒಂದೆಳೆ ಕಾಣಿಸಿತೇ ಹೊರತು ಇದ್ದ ಸೀರೆ ಕಾಣಿಸಲಿಲ್ಲ! ಮನೆಗೆ ಬೀಗ ಹಾಕಿದರೆ ಮೂರು ಸಲ ಜಗ್ಗುವರು. ಮಾಗಡಿ ರೋಡಿನ ತನಕ ಹೋಗಿ, ವಾಪಸ್ಸು ಬಂದು ನಾಲ್ಕನೇ ಸಲ ಜಗ್ಗುವರು. ಒಂದು ದಿನ ಜಗ್ಗಿದ ರಭಸಕ್ಕೆ ಚಿಲಕವೇ ಕಿತ್ತು ಕೈಗೆ ಬಂತು. "ನೋಡಿದ್ರಾ? ನಾನು ಅನುಮಾನ ಪಟ್ಟಿದ್ದು ನಿಜ ಆಯ್ತೋ ಇಲ್ವೋ!" ಅಂದರು.

ಇಂಥವರಿಗೆ ಕತ್ತು ಹಿಡಿದುಕೊಂಡು ಮೂರು ವರ್ಷವಾಗಿತ್ತು. ಎಡಕ್ಕೆ ನೋಡಬೇಕಾದರೆ ಜಟಕಾ ಗಾಡಿ ತಿರುಗಿಸಿದ ಹಾಗೆ ಇಡೀ ಮೈ ತಿರುಗಿಸುವರು. ಹೊಟ್ಟಿನ ಗಂಟು ಕಾಯಿಸಿ ಶಾಖ ಕೊಟ್ಟದ್ದಾಯಿತು, ಹರಳೆಲೆ ಕಟ್ಟಿದ್ದಾಯಿತು, ಗರಡಿಮನೆಯ ಪೈಲ್ವಾನರ ಕೈಗೆ ಕೊಟ್ಟು ಎಳೆಸಿದ್ದೂ ಆಯಿತು. ಪೈಲ್ವಾನರು "ಸಡಿಲ ಬಿಡಿ ಸ್ವಾಮಿ" ಅಂದಷ್ಟೂ ಇವರು ಬಿಗಿ ಹಿಡಿದು, ಕೊನೆಗೆ ಪೈಲ್ವಾನರ ತೋಳೇ ಉಳುಕಿತಂತೆ! ದಿಂಬಿನ ಮೇಲೂ ಅನುಮಾನ. ಹತ್ತಿ ದಿಂಬು, ಹಳೇ ಸೀರೆಯ ದಿಂಬು, ಮರದ ಹಲಗೆ. ಆಗ ರಾಜಾಜಿನಗರಕ್ಕೆ ಇನ್ನೂ ಕಲ್ಲು ನೆಟ್ಟು ರಸ್ತೆ ಬಿಡುತ್ತಿದ್ದ ಕಾಲ. ಎಲ್ಲೋ ಮನೆ ಕಟ್ಟುತ್ತಿದ್ದ ಕಡೆಯಿಂದ ಒಂದು ಇಟ್ಟಿಗೆಯನ್ನೂ ತಂದು ತಲೆಗಿಟ್ಟುಕೊಂಡರು. ಆ ಇಟ್ಟಿಗೆ ಈಗಲೂ ನಮ್ಮ ಒರಳುಕಲ್ಲು ಅಲ್ಲಾಡದ ಹಾಗೆ ನೋಡಿಕೊಂಡಿದೆ. ಭಗವಂತ ಏನನ್ನೂ ದಂಡ ಮಾಡುವುದಿಲ್ಲ.

ಇಷ್ಟೂ ನಗುವ ಮಾತು. ನಗಲಾರದ ಮಾತು ಒಂದಿತ್ತು. ಮಿಲ್ಲಿನವರು ಭಾವನಿಗೆ ಒಂದು ತಿಂಗಳ ರಜ ಕೊಟ್ಟು, ಕತ್ತು ಬಗ್ಗಿದರೆ ಹಳೇ ಮೇಜು, ಬಗ್ಗದಿದ್ದರೆ ಗೇಟಿನ ಪಕ್ಕ ಕಾವಲಿಗೆ ಒಂದು ಸ್ಟೂಲು ಎಂದು ಹೇಳಿ ಕಳಿಸಿದ್ದರು. ತಂದೆ ತೀರಿಕೊಂಡಾಗ ಹದಿನಾಲ್ಕು ವರ್ಷದವರಾಗಿ ಮಿಲ್ಲಿಗೆ ಸೇರಿ, ತಾಯಿಯನ್ನೂ ತಮ್ಮನನ್ನೂ ಇಬ್ಬರು ತಂಗಿಯರನ್ನೂ ಸಾಕಿ, ಮೂವರಿಗೂ ಮದುವೆ ಮಾಡಿ, ತಾವು ಮಾತ್ರ ಹಾಗೇ ಉಳಿದವರು. ಕಸ ಗುಡಿಸುವುದರಿಂದ ಶುರು ಮಾಡಿ ಆ ಮೇಜಿನ ತನಕ ಬಂದಿದ್ದರು. ಆ ಮೇಜು ಹೋದರೆ ಮನುಷ್ಯ ಕುಸಿದುಬಿಡುತ್ತಾರೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಎಕ್ಸರೆ ತೆಗೆದರಂತೆ. ಭಾವ ಅದನ್ನು ಡಾಕ್ಟರ ಕೈಯಿಂದ ತಾವೇ ಇಸಕೊಂಡು, ಕಿಟಕಿಗೆ ಹಿಡಿದು, ಥಾನು ನೋಡಿದ ಹಾಗೆ ಮೇಲಿಂದ ಕೆಳಗೆ ನೋಡಿ, ತಪ್ಪೇನೂ ಸಿಕ್ಕದೆ ಸಪ್ಪಗಾದರಂತೆ! ಡಾಕ್ಟರು ಸಮಾಧಾನವಾಗಿಯೇ ಹೇಳಿದ್ದರು: "ಮೂಳೆ ಚೆನ್ನಾಗಿದೆ. ನೋವು ಬರುತ್ತೆ ಅನ್ನೋ ಭಯಕ್ಕೆ ಮಾಂಸಖಂಡ ಬಿಗಿ ಹಿಡ್ಕೊಂಡಿದೆ, ಬಿಗಿ ಹಿಡಿದಿದ್ದಕ್ಕೆ ಮತ್ತೆ ನೋವು. ದಿನಾ ಅಂಗಾತ ಮಲಗಿ, ನಿಧಾನವಾಗಿ ಉಸಿರಾಡ್ತಾ ಒಂದೊಂದೇ ಅಂಗ ಸಡಿಲ ಬಿಡಿ. ಆಮೇಲೆ ಕತ್ತನ್ನ ಮೆಲ್ಲಗೆ ಸ್ವಲ್ಪ ಸ್ವಲ್ಪ ತಿರುಗಿಸಿ. ಮನಸ್ಸು ಬಿಟ್ಟರೆ ಕತ್ತು ಬಿಡುತ್ತೆ."

ಭಾವ ತಮ್ಮನ ಹಿಂದೆಯೇ ಬಂದು ನಡುಮನೆಯ ಕಂಬಕ್ಕೆ ಒರಗಿ, "ಅಂದ್ರೆ ನಾನು ಮೂರು ವರ್ಷದಿಂದ ಸುಳ್ಳು ಹೇಳ್ತಿದೀನಿ ಅಂತ ತಾನೇ ಅರ್ಥ?" ಅಂದರು.

ನಾನು ದೀಪ ಉಜ್ಜುತ್ತಾ ಯೋಚಿಸಿದೆ. ನಮ್ಮ ಮನೆಯವರು ಬರುವುದು ಒಂದು ಗಂಟೆ ತಡವಾದರೆ ನನ್ನ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತದೆ. ಹೊಟ್ಟೆಯಲ್ಲಿ ರೋಗವಿಲ್ಲ, ಆದರೆ ಕಿವುಚುವುದು ನಿಜ ತಾನೇ? ಅವರ ಚಪ್ಪಲಿ ಸದ್ದು ಕೇಳಿದ ತಕ್ಷಣ ನಿಲ್ಲುತ್ತದೆ. ನಿಂತಿತು ಅಂತ ಮೊದಲಿನದು ಸುಳ್ಳಾಗುತ್ತದೆಯೇ? ಇದನ್ನು ಭಾವನಿಗೆ ಹೇಳಬೇಕು ಅನ್ನಿಸಿತು. ಆದರೆ ಹೇಳುವುದು ಹೇಗೆ? ಆಗಿನ ಕಾಲದಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಹಾಗಿರಲಿಲ್ಲ. ಏಳು ವರ್ಷ ಒಂದೇ ಸೂರಿನ ಕೆಳಗಿದ್ದರೂ ನಾನು ಅವರ ಜೊತೆ, ಅವರು ನನ್ನ ಜೊತೆ ಒಂದು ಮಾತು ಆಡಿದ್ದಿಲ್ಲ. ನೀರು ಬೇಕಾದರೆ ಅವರು "ಅಮ್ಮಾ, ಬಾಯಾರಿಕೆ" ಅಂತ ಅತ್ತೆಗೆ ಹೇಳುವರು, ನಾನು ಚೊಂಬು ತಂದು ಹೊಸಿಲ ಮೇಲಿಡುವೆ.

ಮಾರನೇ ದಿನದಿಂದ ಭಾವ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದರು. "ಕಾಲು ಬಿಟ್ಟೆ" ಅನ್ನುವರು. ಒಂದು ಗಳಿಗೆಗೆ, "ಬಿಟ್ಟೆನಾ?" ಅಂತ ಕಾಲೆತ್ತಿ ನೋಡುವರು! ಕೈ ಬಿಡುವರು, ಬಿಟ್ಟಿದೆಯೋ ಇಲ್ಲವೋ ಎಂದು ಮುಷ್ಟಿ ಹಿಡಿದು ಪರೀಕ್ಷೆ ಮಾಡುವರು. ಬೇರೆ ಯಾರಾದರೂ ಹೇಳಿಕೊಟ್ಟರೆ ವಾಸಿ ಎಂದು ನಮ್ಮ ಮನೆಯವರು ಪಕ್ಕದಲ್ಲಿ ಕೂತು, "ಪಾದ ಸಡಿಲ... ಮೊಣಕಾಲು ಸಡಿಲ..." ಅನ್ನುತ್ತಾ ಸೊಂಟದ ಹತ್ತಿರ ಬರುವಷ್ಟರಲ್ಲಿ ತಾವೇ ಗೊರಕೆ ಹೊಡೆದರು. ಆಮೇಲೆ ಅತ್ತೆಯ ಸರದಿ. "ಬಿಡೋ ಕಾಲು! ಬಿಡು ಅಂದ್ರೆ! ನನ್ನ ಹೊಟ್ಟೇಲಿದ್ದಾಗಲೇ ಒದ್ದೋನು ನೀನು, ಈಗ ಬಿಡ್ತೀಯಾ?" ಪಕ್ಕದ ಮನೆಯವರು ಜಗಳವೆಂದು ಬಿಡಿಸಲು ಬಂದರು!

ಅವತ್ತು ಸಾಯಂಕಾಲ ಅಡುಗೆಮನೆಯ ಗೂಡಿನಲ್ಲಿ ದೇವರಿಗೆ ದೀಪ ಹಚ್ಚುವಾಗ ನನಗೆ ಒಂದು ದಾರಿ ಹೊಳೆಯಿತು. ಸತ್ಯನಾರಾಯಣ ಪೂಜೆಯಲ್ಲಿ ಪುರೋಹಿತರು ಅಂಗಪೂಜೆ ಮಾಡಿಸುತ್ತಾರಲ್ಲ, ಪಾದಕ್ಕೊಂದು ಹೂವು, ಮೊಣಕಾಲಿಗೊಂದು ಹೂವು ಅಂತ ಕೆಳಗಿನಿಂದ ತಲೆಯ ತನಕ? ನಾನು ದೇವರ ಮುಂದೆ ಕೂತು ನನ್ನ ಪಾಡಿಗೆ ಪ್ರಾರ್ಥನೆ ಮಾಡಿಕೊಂಡರೆ ಯಾರು ಬೇಡ ಅನ್ನುತ್ತಾರೆ? ಧ್ವನಿ ಸ್ವಲ್ಪ ಜೋರಾಗಿದ್ದರೆ ತಪ್ಪೇ? ಬಾಗಿಲಾಚೆ ಯಾರೋ ಚಾಪೆಯ ಮೇಲೆ ಮಲಗಿದ್ದರೆ ಅದು ಅವರ ಪಾಡು!

"ಸ್ವಾಮೀ, ಈ ಪಾದ ನಿನ್ನದು, ನೀನೇ ಇಟ್ಕೋ. ನಾನು ಬಿಟ್ಟೆ. ಈ ಮೊಣಕಾಲು ನಿನ್ನದು, ನಾನು ಬಿಟ್ಟೆ..." ಒಂದೊಂದಕ್ಕೂ ಒಂದು ದೀರ್ಘ ಉಸಿರು. ನಡುಮನೆಯಲ್ಲಿ ಮೊದಲ ದಿನ ಸದ್ದಿಲ್ಲ. ಮೂರನೇ ದಿನ ನನ್ನ ಉಸಿರಿನ ಹಿಂದೆಯೇ ಇನ್ನೊಂದು ಉಸಿರು ಕೇಳಿಸಿತು. ಅತ್ತೆ ಬಾಗಿಲಲ್ಲಿ ಕೂತು ಎರಡೂ ಕಡೆ ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ನನಗೆ ಅಳುಕಿರಲಿಲ್ಲ ಅಂತಲ್ಲ. ದೇವರಿಗೆ ಮಾಡುವ ಪೂಜೆಯನ್ನು ಭಾವನ ಕತ್ತಿಗೆ ತಿರುಗಿಸಿದ್ದು ಅಪಚಾರವೇನೋ ಎಂದು ದಿನಾ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದೆ. ಇದರಿಂದ ಏನಾದರೂ ಆಗುತ್ತದೆಯೇ ಎನ್ನುವ ಅನುಮಾನ ಬೇರೆ. ಅನುಮಾನ ಅಂಟುಜಾಡ್ಯ ನೋಡಿ! ಹನ್ನೆರಡನೇ ದಿನ ಭಾವನಿಗೆ ನೋವು ಮತ್ತೆ ಜೋರಾಗಿ, "ಇದೆಲ್ಲ ಬರೀ ಮಾತು" ಎಂದು ಚಾಪೆ ಸುತ್ತಿಟ್ಟು ಕತ್ತಿಗೆ ಟವಲು ಸುತ್ತಿಕೊಂಡು ಕೂತರು. ನಾನೂ ಎರಡು ದಿನ ಸುಮ್ಮನೆ ದೀಪ ಹಚ್ಚಿ ಎದ್ದೆ.

ಮೂರನೇ ದಿನ ಅಂಗಳದಲ್ಲಿ ಸಂಡಿಗೆ ಒಣಹಾಕಿದ್ದೆ. ಭಾವ ಜಗಲಿಯ ಮೇಲೆ ಕಾವಲು. ಎಡಗಡೆಯಿಂದ ಒಂದು ಕಾಗೆ ಇಳಿಯಿತು. "ಹುಶ್!" ಎಂದು ಭಾವ ತಟ್ಟನೆ ಎಡಕ್ಕೆ ತಿರುಗಿದರು. ಮೈಯಲ್ಲ ಸ್ವಾಮಿ, ಕತ್ತು! ಬರೀ ಕತ್ತು!

"ಅಯ್ಯೋ, ತಿರುಗಿತಲ್ಲೋ!" ಎಂದು ಅತ್ತೆ ಕೂಗಿದರು.

"ಏನು ತಿರುಗಿತು?" ಅಂದರು ಭಾವ. ನೋಡಲು ಇನ್ನೊಮ್ಮೆ ತಿರುಗಿಸಿದರು. ಕತ್ತು ಅಲ್ಲೇ ಬೀಗ ಹಾಕಿಕೊಂಡಿತು! ಕಾಗೆ ಎರಡು ಸಂಡಿಗೆ ಎತ್ತಿಕೊಂಡು ಹೋಯಿತು. ಅದರ ಕೂಲಿ, ಹೋಗಲಿ ಬಿಡಿ.

ಭಾವ ಕತ್ತು ನೀವಿಕೊಂಡರು. ಆಮೇಲೆ ಮೆಲ್ಲಗೆ, "ಮೂಳೆ ಕೆಟ್ಟಿದ್ರೆ ಕಾಗೆ ಬಂತು ಅಂತ ತಿರುಗ್ತಿರಲಿಲ್ಲ, ಅಲ್ವೇನಮ್ಮಾ?" ಅಂದರು.

"ಅದನ್ನೇ ಅಲ್ವೇನೋ ಆ ಡಾಕ್ಟರು ಬಡ್ಕೊಂಡಿದ್ದು!"

"ಅವರು ಹೇಳಿದ್ರು. ಇದು ನಾನೇ ನೋಡಿದ್ದು." ಆಮೇಲೆ ಅಡುಗೆಮನೆಗೆ ಕೇಳುವ ಹಾಗೆ, "ಇವತ್ತು ಸಾಯಂಕಾಲ ದೇವರ ಪ್ರಾರ್ಥನೆ ಇಲ್ವೇನಮ್ಮಾ?" ಎಂದರು.

ಅವತ್ತಿನಿಂದ ಅವರ ವೈಖರಿಯೇ ಬೇರೆ. ಪ್ರಾರ್ಥನೆಯಾದ ಮೇಲೆ ಗೋಡೆಯ ಎದುರು ಕೂತು ಮೆಲ್ಲಗೆ ಕತ್ತು ತಿರುಗಿಸಿ, ಕಣ್ಣು ಎಲ್ಲಿಯವರೆಗೆ ಹೋಯಿತೋ ಅಲ್ಲಿ ನಮ್ಮ ಮನೆಯವರಿಂದ ಸೀಮೆಸುಣ್ಣದ ಗುರುತು ಹಾಕಿಸುವರು. ಇಷ್ಟು ವರ್ಷ ಬರೀ ತಪ್ಪಿಗೆ ಬಿದ್ದ ಗೆರೆ ಈಗ ಸರಿಹೋದದ್ದಕ್ಕೆ ಬೀಳತೊಡಗಿತು. ಒಂದು ದಿನ ಗೆರೆ ಒಂದಂಗುಲ ಮುಂದೆ, ಇನ್ನೊಂದು ದಿನ ಅರ್ಧ ಅಂಗುಲ ಹಿಂದೆ. ಹಿಂದೆ ಹೋದ ದಿನವೂ ಚಾಪೆ ಸುತ್ತಲಿಲ್ಲ. "ನಾಳೆ ನೋಡೋಣ" ಅಂದರು. ಅವರ ಬಾಯಲ್ಲಿ ಆ ಮಾತು ಕೇಳಿ ಅತ್ತೆ ದೃಷ್ಟಿ ತೆಗೆದರು!

ನಿಮ್ಮನ್ನು ಕಾಯಿಸುವುದಿಲ್ಲ, ಹೇಳಿಬಿಡುತ್ತೇನೆ: ತಿಂಗಳ ಕೊನೆಗೆ ಅವರಿಗೆ ಮೇಜೇ ಸಿಕ್ಕಿತು, ಸ್ಟೂಲಲ್ಲ. ಕತ್ತು ಪೂರ್ತಿ ವಾಸಿಯಾಯಿತೇ ಅಂದರೆ, ಇಲ್ಲ. ಚಳಿಗಾಲದಲ್ಲಿ ಎಡಗಡೆ ಒಂದಿಷ್ಟು ಹಿಡಿಯುತ್ತಿತ್ತು. ಆದರೆ ಹಿಡಿದಾಗ ಹೆದರುತ್ತಿರಲಿಲ್ಲ. ಮುಕ್ಕಾಲು ಕೊಟ್ಟ ದೇವರ ಹತ್ತಿರ ಕಾಲು ಭಾಗಕ್ಕೆ ಜಗಳ ಆಡುವುದು ನನ್ನ ಜಾಯಮಾನವಲ್ಲ.

ನಾನು ಹೇಳಬೇಕೆಂದಿದ್ದು ರಜ ಮುಗಿಯಲು ಐದು ದಿನವಿದ್ದ ಆ ಸಂಜೆಯ ಮಾತು. ಪಾದದಿಂದ ಹೊಟ್ಟೆ, ಎದೆ, ತೋಳಿನ ತನಕ ಅವರ ಉಸಿರು ಚೆನ್ನಾಗಿ ಬರುತ್ತಿತ್ತು. ಕತ್ತು ಅಂದ ತಕ್ಷಣ ಕೆಮ್ಮು, ಚಾಪೆಯ ಸರಸರ ಸದ್ದು. ದಿನಾ ಅಷ್ಟೇ. ಗೋಡೆಯ ಗೆರೆಯೂ ನಾಲ್ಕು ದಿನದಿಂದ ಒಂದೇ ಕಡೆ ನಿಂತಿತ್ತು. ಅವತ್ತು ನನಗೆ ಏನನ್ನಿಸಿತೋ, ದೀಪ ನೋಡುತ್ತಾ ಅಂದುಬಿಟ್ಟೆ: "ಸ್ವಾಮೀ, ಹದಿನಾಲ್ಕನೇ ವಯಸ್ಸಿಂದ ಈ ಕತ್ತಿನ ಮೇಲೆ ನಾವೆಲ್ಲ ಕೂತಿದೀವಿ. ಅತ್ತೆ, ಇವರು, ನಾದಿನಿಯರು, ಆಮೇಲೆ ಬಂದ ನಾನೂ. ಈಗ ನಮಗೆಲ್ಲ ಕೈಕಾಲು ಬಂದಿದೆ. ಇಳ್ಕೋತೀವಿ. ಒಂದು ಗಳಿಗೆ ಈ ಕತ್ತನ್ನ ನೀನು ಹಿಡ್ಕೋ, ಅವರು ಬಿಡಲಿ."

ಕೆಮ್ಮು ಬರಲಿಲ್ಲ. ಚಾಪೆ ಸದ್ದಾಗಲಿಲ್ಲ. ನಾನು ಮಿತಿ ಮೀರಿದೆ ಎಂದು ನಾಲಿಗೆ ಕಚ್ಚಿಕೊಂಡೆ. ಬಾಗಿಲಲ್ಲಿ ಕೂತಿದ್ದ ಅತ್ತೆ ನನ್ನ ಕಡೆ ತಿರುಗಿದರು.

ಆಮೇಲೆ ನಡುಮನೆಯಿಂದ ಭಾವನ ಧ್ವನಿ ಬಂತು. ಅತ್ತೆಗಲ್ಲ, ನೇರವಾಗಿ ನನಗೆ.

"ನೀವ್ಯಾರೂ ಭಾರ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ ಕಣಮ್ಮ. ಎಲ್ಲಿ ಬಿದ್ದುಬಿಡ್ತೀರೋ ಅಂತ ಭಯ. ಅಷ್ಟೇ."

ಒಂದು ದೊಡ್ಡ ಉಸಿರು ಹೊರಗೆ ಹೋಯಿತು. ಅದರ ಹಿಂದೆ ಇನ್ನೊಂದು, ಇನ್ನೊಂದು. ಸ್ವಲ್ಪ ಹೊತ್ತಿಗೆ ನಿದ್ದೆಯ ಉಸಿರು. ಮುಖ, ಶಿರಸ್ಸು ಎರಡೂ ಬಾಕಿ ಇದ್ದವು. ಅವೆರಡನ್ನೂ ಮನಸ್ಸಿನಲ್ಲೇ ಹೇಳಿ ಕೈಮುಗಿದೆ.

"ಮುಗೀತೇನೇ?" ಎಂದು ಅತ್ತೆ ಪಿಸುಗುಟ್ಟಿದರು. ಕಣ್ಣೊರೆಸಿಕೊಳ್ಳುತ್ತಿದ್ದರು.

"ಮುಗೀತು ಅತ್ತೆ" ಎಂದು ಎದ್ದು, ಒಲೆಗೆ ಎರಡು ಸೌದೆ ಮುಂದೂಡಿ, ಮುದ್ದೆಗೆ ಎಸರಿಟ್ಟೆ.