ಬದುಕಿದ್ದ ತಮ್ಮನಿಗೆ ತಿಥಿ ಊಟ

ಬದುಕಿರುವ ತಮ್ಮನ ತಿಥಿ ಮಾಡಿದ ಅಕ್ಕ ನಿಮ್ಮ ವಂಶದಲ್ಲಿ ಇದ್ದಾಳೆಯೇ? ನಮ್ಮಲ್ಲಿ ಇದ್ದಾಳೆ. ನನ್ನ ಸೋದರತ್ತೆ. ಆ ತಮ್ಮ ನನ್ನ ಅಪ್ಪ!

ಅತ್ತೆಗೆ ಹುಚ್ಚು ಎಂದು ಬೇತಮಂಗಲದ ಬಸ್ಸಿನ ಕಂಡಕ್ಟರನಿಂದ ಹಿಡಿದು ಎಲ್ಲರೂ ಹೇಳುತ್ತಾರೆ. ಹುಚ್ಚು ಹಿಡಿಸಿದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮೂರ ಬಸ್‌ಸ್ಟಾಪಿನ ಪೆಟ್ಟಿಗೆ ಅಂಗಡಿಯಲ್ಲಿ ಕೋಳಿ ಕೂಗುವ ಮುಂಚೆ ವಿಸ್ಕಿ ಪ್ಯಾಕೆಟ್ ಸಿಗುತ್ತದೆ, ಹಾಲು ಆಮೇಲೆ. ಗಾರೆ ಕೆಲಸಕ್ಕೆಂದು ಬಂಗಾರಪೇಟೆಯ ರೈಲು ಹಿಡಿಯಲು ಹೊರಟ ಅಪ್ಪ ಆ ಅಂಗಡಿಯನ್ನು ದಾಟುತ್ತಲೇ ಇರಲಿಲ್ಲ. ಕಣ್ಣು ಹಳದಿಯಾಯಿತು, ಕಾಲು ಊದಿತು.

ಅತ್ತೆ ಪೊಲೀಸರ ಹತ್ತಿರ ಹೋದಳು. "ಎಣ್ಣೆ ವಿಷ್ಯ ಅಬಕಾರಿಯೋರ್ದಮ್ಮ" ಎಂದರು. ಅಬಕಾರಿಯವರು, "ನಮ್ದು ಲೈಸೆನ್ಸ್ ಇರೋ ಅಂಗ್ಡಿ ಮಾತ್ರ. ಪೆಟ್ಟಿಗೆ ಅಂಗ್ಡಿ ಪಂಚಾಯ್ತಿದು" ಎಂದರು. ಪಂಚಾಯಿತಿಯವರು ಮತ್ತೆ ಪೊಲೀಸರ ಕಡೆಗೇ ಕೈ ತೋರಿಸಿದರು. ಆಸ್ಪತ್ರೆಯ ಡಾಕ್ಟರಂತೂ, "ಮೊದ್ಲು ಕುಡಿಯೋದು ಬಿಡಿಸಿ ಕರ್ಕೊಂಡು ಬನ್ನಿ, ಆಮೇಲೆ ನೋಡೋಣ" ಎಂದುಬಿಟ್ಟರು.

"ಬಿಟ್ಮೇಲೆ ನಿಮ್ಮತ್ರ ಯಾಕ್ ಬತ್ತಾನೆ ಸಾಮಿ, ಸಿನಿಮಾಕ್ ಓಗ್ತಾನೆ" ಎಂದು ಅತ್ತೆ ಎದ್ದು ಬಂದಳು.

ಈ ನಾಲ್ವರೂ ಸೇರಿದ ಸಮನ್ವಯ ಸಮಿತಿ ಎಂಬುದೊಂದು ಇದೆಯಂತೆ. ಅದು ಸಭೆ ಸೇರಿದ್ದನ್ನು ಕಂಡವರಿಲ್ಲ. ಕಚೇರಿಗಳೆಲ್ಲ ಒಂದೇ ರಸ್ತೆಯಲ್ಲಿವೆ. ಒಬ್ಬರು ಸೀನಿದರೆ ಇನ್ನೊಬ್ಬರಿಗೆ ಕೇಳಬೇಕು!

ಅತ್ತೆ ಮತ್ತೆ ಅದೇ ರಸ್ತೆ ಹಿಡಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಾಲ್ಕೂ ಕಡೆ ಹೇಳಿದಳು: "ನಮ್ ತಮ್ಮನ ತಿಥಿ ಭಾನ್ವಾರ. ತಪ್ಪಿಸ್ಬೇಡಿ."

ಮದುವೆಯ ಕರೆ ಮರೆಯಬಹುದು, ಸಾವಿನ ಊಟ ತಪ್ಪಿಸುವ ಧೈರ್ಯ ಯಾರಿಗಿದೆ? ಅದರಲ್ಲೂ ಒಳಗೊಳಗೇ ಅಳುಕು ಇದ್ದವರಿಗೆ! ನಾಲ್ವರೂ ಮುಖ ಸಪ್ಪೆ ಮಾಡಿಕೊಂಡು ಬಂದರು. ಪಂಚಾಯಿತಿಯವರು ಹಾರ ತಂದಿದ್ದರು. ಜಗಲಿಯ ಮೇಲೆ ಅಪ್ಪ ತನ್ನ ತಿಥಿಗೆ ತಾನೇ ಅವರೆಕಾಳು ಹಿದುಕುತ್ತ ಕೂತಿದ್ದ.

"ಸತ್ತೋರು ಯಾರಮ್ಮ?" ಎಂದು ಹಾರ ಹಿಡಿದವರು ಕೇಳಿದರು.

"ಇವ್ನೇ. ಸತ್ಮೇಲೆ ಎಲ್ಲಾ ಒಟ್ಗೆ ಬತ್ತೀರ, ಮುಂಚೆ ಬರಾಕೇನು? ಕೂತ್ಕಳಿ. ನೀವ್ ನೀವು ಮಾತಾಡ್ಕಂಡು ಒಂದು ತೀರ್ಮಾನಕ್ ಬರಾಗಂಟ ಮುದ್ದೆ ಬಡ್ಸಲ್ಲ."

ಉರಿಗಾಂ ಕಡೆಯ ಅಬಕಾರಿಯವರು "ಐಯೋ ಕಡವುಳೇ" ಎಂದು ತಮಿಳಿನಲ್ಲಿ ದೇವರನ್ನು ಕರೆದು ತಲೆ ಹಿಡಿದುಕೊಂಡರು. ಆದರೆ ಹಿದುಕಿದ ಬೇಳೆ ಸಾರಿನ ವಾಸನೆಯ ಮುಂದೆ ಯಾವ ಕಾನೂನು ನಿಂತೀತು? ಅಬಕಾರಿಯವರೂ ಪೊಲೀಸರೂ ಅಂಗಡಿಗೆ ಜೊತೆಯಲ್ಲೇ ಹೋಗುವುದೆಂದಾಯಿತು. ಪೆಟ್ಟಿಗೆ ಅಂಗಡಿ ಎತ್ತಿಸಲು ಪಂಚಾಯಿತಿ ಒಪ್ಪಿತು. ಡಾಕ್ಟರು ಅಪ್ಪನ ಕಣ್ಣು ನೋಡಿ, "ದಿಢೀರಂತ ಬಿಟ್ರೆ ಫಿಟ್ಸ್ ಬರುತ್ತೆ. ಅಡ್ಮಿಟ್ ಮಾಡ್ಕೊಂಡೇ ಬಿಡಿಸ್ಬೇಕು. ಈಗ್ಲೇ ಜೀಪಲ್ಲಿ ಹೋಗೋಣ" ಎಂದರು.

ಇದನ್ನು ಅವತ್ತೇ ಹೇಳಲು ಬಾಯಿಗೇನಾಗಿತ್ತು? ಒಬ್ಬ ಮನುಷ್ಯ ಬದುಕಬೇಕಾದರೆ ಮೊದಲು ಅವನ ತಿಥಿ ಮಾಡಬೇಕೇ? ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಒಳಗೆ ಅತ್ತೆ ನಿಜವಾಗಿಯೂ ಎಡೆ ಇಟ್ಟಿದ್ದಳು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಲ್ಲಿಡುವುದು ನಮ್ಮಲ್ಲಿ ಪದ್ಧತಿ. ಕುಡಿಯುತ್ತಿದ್ದವರಿಗೆ ಅದನ್ನೂ ಇಡುತ್ತೇವೆ. ಜೀಪು ಹತ್ತುವ ಮುಂಚೆ ಅಪ್ಪ ಆ ಎಲೆಯ ಮುಂದೆ ಬಂದು ಕೂತ. ಮುದ್ದೆ, ಸಾರು, ಒಬ್ಬಟ್ಟು, ಎಲ್ಲವನ್ನೂ ನೋಡಿದ.

"ಪ್ಯಾಕೆಟ್ ಇಡೋದ್ ಮರ್ತ್‌ಬಿಟ್ಟೆ ಕಣಕ್ಕ" ಎಂದ, ನಗಿಸಲು.

ಅತ್ತೆ ನಗಲಿಲ್ಲ. ಒಂದು ಕೈಯಲ್ಲಿ ಅವನ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮುದ್ದೆ ಮುರಿದು ಸಾರಿಗದ್ದಿ ಅವನ ಬಾಯಿಗಿಟ್ಟಳು.

"ಅದು ಸತ್ತೋರ್ಗೆ ಕಣ್ಲಾ. ನೀನು ಮುದ್ದೆ ಉಣ್ಣು."